ಅವಳು ಬರೆದ ಒಂದು ಸಾಲು

೧೮ ಫೆಬ್ರವರಿ ೨೦೨೬, ಬುಧವಾರ. ಆಲ್ಕೊಳ.

ಶರಣ್ಯಾ. ಊಟಕ್ಕೆ ಕುಳಿತರೂ ಅವಳ ಮುಖವೇ ಕಣ್ಣ ಮುಂದೆ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುವ, ಕಾಲೇಜಿನ ನಮ್ಮ ವಿಭಾಗಕ್ಕೆ ಪಾಠ ಮಾಡಲು ಸೇರಿ ತಿಂಗಳೂ ಆಗದ ಹುಡುಗಿ.

ಲ್ಯಾಬಿನಲ್ಲಿ ಸರ್ಕ್ಯೂಟುಗಳನ್ನು ತೆರೆಯ ಮೇಲೆ ಓಡಿಸಿ ತೋರಿಸುವ ಸಿಮ್ಯುಲೇಟರ್ ಸಾಫ್ಟ್‌ವೇರ್ ಒಂದು ವಾರದಿಂದ ಹಟ ಹಿಡಿದಿತ್ತು. ಮೂಲ ವ್ಯಾಖ್ಯೆಗಳ ಫೈಲುಗಳಿರುವ ಸ್ಟ್ಯಾಂಡರ್ಡ್ ಲೈಬ್ರರಿ ಸಿಗುತ್ತಿಲ್ಲವಂತೆ. ಅದಿಲ್ಲದೆ ವೋಲ್ಟೇಜ್ ಎಂದರೆ ಏನೆಂದೇ ಗೊತ್ತಿಲ್ಲವಂತೆ. ನಾನು ಎಲ್ಲ ಕಂಪ್ಯೂಟರುಗಳಲ್ಲೂ ಅಳಿಸಿ ಮತ್ತೆ ಹಾಕಿದ್ದೆ. ಇವತ್ತು ಅವಳು ನಿಂತುಕೊಂಡೇ ನೋಡಿದಳು.

"ಲೈಬ್ರರಿ ಇಲ್ಲೇ ಇದೆ ಸಾರ್. ಇದು ಹಳೇ ಫೋಲ್ಡರ್‌ನಲ್ಲಿ ಹುಡುಕ್ತಾ ಇದೆ ಅಷ್ಟೇ."

ಸೆಟ್ಟಿಂಗ್ಸ್ ಫೈಲಿನಲ್ಲಿ ಲೈಬ್ರರಿ ಇರುವ ಜಾಗ ಹೇಳುವ ಒಂದು ಸಾಲು ಬರೆದಳು. ತೆರೆಯ ಮೇಲೆ ವೋಲ್ಟೇಜಿನ ಅಲೆ ಮೂಡಿತು. ಹುಡುಗರು ಚಪ್ಪಾಳೆ ಹೊಡೆದರು. ಎಲ್ಲ ಕಂಪ್ಯೂಟರುಗಳಿಗೂ ಅದೇ ಸಾಲು ಹಾಕಿದಳು.

ಎಚ್‌ಒಡಿ ಉಮಾಮಹೇಶ್ವರ ನನ್ನ ಹೆಗಲು ತಟ್ಟಿದರು. "ಇಷ್ಟೇನಾ ಮಾರಾಯ್ರೆ? ಒಂದ್ ವಾರ ಏನ್ ಮಾಡ್ತಿದ್ರಿ?"

ಅವಳು ನಕ್ಕಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. "ಸಾರ್ ಎಲ್ಲಾ ಹೊಸದಾಗಿ ಹಾಕಿದ್ರಲ್ಲ, ಅದಕ್ಕೇ ಬೇಗ ಸಿಕ್ತು" ಎಂದಳು. ಆ ಕರುಣೆಯೇ ಈಗ ಹೆಚ್ಚು ಉರಿಯುತ್ತಿರುವುದು.

ಎಲ್ಲರೂ ಹೋದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಅವಳ ಸಾಲನ್ನು ಅಳಿಸಿದೆ. ಅಲ್ಲಾದರೂ ನಾನು ಬರೆದದ್ದು ಇರಲಿ ಎಂದು. ಬರೆದೆ, ವೋಲ್ಟೇಜ್ ಗೊತ್ತಿಲ್ಲ ಎಂದಿತು. ತಿದ್ದಿದೆ, ಮತ್ತೆ ಅದೇ. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ಪಕ್ಕದ ಕಂಪ್ಯೂಟರಿನಲ್ಲಿದ್ದ ಅವಳ ಸಾಲನ್ನು ಅಕ್ಷರ ಅಕ್ಷರ ನೋಡಿಕೊಂಡು ಇಳಿಸಿದೆ.

ನಾಳೆ ಇಂಟರ್ನಲ್ಸ್ ಪರೀಕ್ಷೆ. ಕಾಪಿ ಹೊಡೆಯುವವರನ್ನು ಎಬ್ಬಿಸಿ ಹೊರಗೆ ಕಳಿಸುವ ಡ್ಯೂಟಿ ನನಗೇ ಬಿದ್ದಿದೆ.