ಮೊಣಕೈ ಕೆಳಗಿನ ಸಾಲುಗಳು

ಭಾನುವಾರ, ಆಗಸ್ಟ್ ೧೯

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲಂಗೋಚಿಯ ನಮಸ್ಕಾರ. ಕಾಗದ ಬರೆದು ತಿಂಗಳುಗಳೇ ಆದವು, ಬೈದುಕೊಂಡಿರುತ್ತೀಯ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ, ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ ಅನ್ನುವುದು ನೆಪ. ನಿಜವಾಗಿ, ಕೂತರೆ ಏನು ಬರೆಯಲಿ ಎಂದೇ ತೋಚುತ್ತಿರಲಿಲ್ಲ.

ಇಲ್ಲಿ ಎಲ್ಲ ಹಾಗೇ ಇದೆ. ಕೆಳಗಿನ ಸೈಕಲ್ ಅಂಗಡಿ ಬಾಗಿಲು ಹಾಕಿದ ದಿನ ನನ್ನ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತದೆ. ಇವತ್ತು ಬೆಳಗಿನಿಂದ ಯಾರ ಜೊತೆಗೂ ಮಾತಾಡಿಲ್ಲ.

ಮೊನ್ನೆ ರೇಡಿಯೋದವಳು ಬಂದಿದ್ದಳು. ಬರೆಯುವ ಹುಚ್ಚು ಹೇಗೆ ಹಿಡಿಯಿತು, ಚಿಕ್ಕಂದಿನಲ್ಲಿ ಏನೇನು ಓದಿದಿರಿ ಎಂದು ಕೇಳಿದಳು. ನಾಲ್ಕು ದೊಡ್ಡ ಹೆಸರು ಹೇಳಿ ಸಾಗಹಾಕಿದೆ. ನಿಜ ಹೇಳಿದ್ದರೆ ನಗುತ್ತಿದ್ದಳು. ನಿನಗಾದರೆ ಹೇಳಬಹುದು.

ಆಗ ನಮ್ಮ ಮನೆಯ ಮಹಡಿ ಮೇಲಿದ್ದ ನರ್ಸಮ್ಮ ನಿನಗೆ ಕಾದಂಬರಿ ಕೊಡುತ್ತಿದ್ದರು, ಒಂದೇ ದಿನದ ವಾಯಿದೆ. ನಾನು ಪಕ್ಕಕ್ಕೆ ಬಂದರೆ, ಕಿವಿ ಹತ್ತಿರ ಉಸಿರು ಬಿಡಬೇಡ ಎಂದು ನೀನು ಮೇಜಿನ ಆ ಕಡೆಗೆ ಅಟ್ಟುತ್ತಿದ್ದೆ. ಹಾಗೆ ನಿನ್ನ ಎದುರು ಕೂತು ನಾನು ಓದಲು ಕಲಿತದ್ದೇ ತಲೆಕೆಳಗಾಗಿ. ತಲಕಟ್ಟು ನನಗೆ ಅಕ್ಷರಗಳು ಹಾಕಿಕೊಂಡ ಚಪ್ಪಲಿಯಂತೆ ಕಾಣುತ್ತಿತ್ತು. ಶಾಲೆಯಲ್ಲಿ ಪುಸ್ತಕ ತಿರುಗಾಮುರುಗಾ ಹಿಡಿದೆನೆಂದು ಟೀಚರ್ ಕಿವಿ ಹಿಂಡಿದ್ದು ನೆನಪಿದೆಯಲ್ಲ?

ಪುಟದ ಕೊನೆಯ ಸಾಲುಗಳು ಯಾವಾಗಲೂ ನಿನ್ನ ಮೊಣಕೈ ಕೆಳಗೆ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ನೀನು ಹಾಳೆ ತಿರುವಿಬಿಡುತ್ತಿದ್ದೆ, ಕೇಳಿದರೆ ಸಿಡುಕುತ್ತಿದ್ದೆ. ಬೇರೆ ದಾರಿಯಿಲ್ಲದೆ ಆ ಸಾಲುಗಳನ್ನು ನಾನೇ ಕಟ್ಟಿಕೊಂಡೆ. ಒಮ್ಮೆ, ಕಥೆಯ ದೋಣಿಯವನು ಮಗಳನ್ನು ಆಚೆ ದಡಕ್ಕೆ ಬಿಟ್ಟುಬಂದು ಹುಟ್ಟನ್ನು ಹೊಳೆಗೆ ಎಸೆದುಬಿಟ್ಟ ಎಂದು ನಾನು ಹೇಳಿದಾಗ, ನೀನು ಅನುಮಾನಪಟ್ಟು ಹಾಳೆ ಹಿಂದಕ್ಕೆ ತಿರುವಿದೆ. ಪುಸ್ತಕದಲ್ಲಿ ಅವನು ಸುಮ್ಮನೆ ಮನೆಗೆ ಹೋಗಿದ್ದ.

"ಹಾಗೇನೂ ಇಲ್ಲ ಇಲ್ಲಿ," ಅಂದವಳು ಹಾಳೆ ಮತ್ತೆ ಮುಂದಕ್ಕೆ ತಿರುವುತ್ತಾ ಹೇಳಿದೆ, "ಆದ್ರೆ ನೀನು ಹೇಳಿದ್ದೇ ಚೆನ್ನಾಗಿದೆ ಕಣೇ."

ಅಷ್ಟೇ ಅಕ್ಕ. ಆ ಮಾತನ್ನು ಇನ್ನೊಂದು ಸಲ ಕೇಳಬೇಕೆಂದು ಇವತ್ತಿಗೂ ಬರೆಯುತ್ತಿದ್ದೇನೆ. ಅಮ್ಮ ಹಾಸಿಗೆ ಹಿಡಿದಾಗ ನಿನ್ನನ್ನು ಶಾಲೆ ಬಿಡಿಸಿದರು, ನನ್ನನ್ನು ಬಿಡಿಸಲಿಲ್ಲ. ಆಮೇಲೆ ನರ್ಸಮ್ಮನ ಪುಸ್ತಕವನ್ನೂ ನೀನು ಮುಟ್ಟಲಿಲ್ಲ. ನನ್ನ ಪುಸ್ತಕ ಓದಿದೆಯಾ ಎಂದಾಗಲೆಲ್ಲ ಪುರುಸೊತ್ತಾಗಿಲ್ಲ ಅನ್ನುತ್ತೀಯ. ಯಾರು ಎಷ್ಟು ಹೊಗಳಿದರೂ ನನಗೆ ಹೊಟ್ಟೆ ತುಂಬುವುದಿಲ್ಲ. ನೀನು ಓದದ ಮೇಲೆ ಬರೆದದ್ದೆಲ್ಲ ಗೋಡೆಗೆ ಹೇಳಿದ ಹಾಗೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರ್ಕಾಲ ಸುಖವಾಗಿರಲಿ. ಮಂಡಿನೋವಿಗೆ ದಿನಾ ಎಣ್ಣೆ ಹಚ್ಚು, ನಾಳೆ ನೋಡೋಣ ಅನ್ನಬೇಡ.

ನಿನ್ನ
ಬಾಲಂಗೋಚಿ

ತಾ.ಕ.: ಹೊಸ ಪುಸ್ತಕ ಕಳಿಸಿದ್ದೆ. ಬುಧವಾರ ಅದು ವಾಪಸ್ ಬಂತು. ವಿಳಾಸ ತಪ್ಪಾಗಿರಬೇಕು ಎಂದುಕೊಂಡೆ. ಪೋಸ್ಟ್‌ಮನ್ ನನ್ನ ಮುಖ ನೋಡದೆ, "ಇಲ್ಲ ಮೇಡಂ, ಅವರೇ ಬೇಡ ಅಂದಿದ್ದಾರೆ," ಎಂದ. ನೀನು ಬೇಡ ಅಂದದ್ದು ಪುಸ್ತಕವನ್ನೋ, ನನ್ನನ್ನೋ? ಅಷ್ಟು ಮಾತ್ರ ಬರೆ.