ಮಾಗಿದೆ ಅಂದರೆ

ಹಾಸನ
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ಮಾನು,

ಹೇಗಿದ್ದೀಯ ಕಂದಾ? ಮಂಗಳೂರಿನ ಸೆಕೆ ಒಗ್ಗಿತಾ? ನೈಟ್ ಡ್ಯೂಟಿ ಮುಗಿಸಿ ಬರಿಹೊಟ್ಟೆಯಲ್ಲಿ ಮಲಗಬೇಡ. ಅಲ್ಲಿಯ ಕುಸುಬಲಕ್ಕಿ ಅನ್ನ ನಿನಗೆ ಸೇರುವುದಿಲ್ಲ ಅಂತ ಗೊತ್ತು, ಅದಕ್ಕೇ ಈ ಕಾಗದದ ಜೊತೆ ರಾಗಿ ಹುರಿಹಿಟ್ಟು ಕಳಿಸುತ್ತಿದ್ದೇನೆ. ನಿನ್ನಪ್ಪ ಚೆನ್ನಾಗಿದ್ದಾರೆ. ನೀನು ಅವರಿಗೆ ಮಾತ್ರ ಫೋನ್ ಮಾಡುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ, ಪಾಪ. ನಿನ್ನ ಫೋನ್ ಬಂದರೆ ಹಿತ್ತಲಿಗೆ ಹೋಗಿಬಿಡುತ್ತಾರೆ, ವಾಪಸ್ ಬಂದು ‘ಗ್ಯಾಸಿನವನು’ ಅನ್ನುತ್ತಾರೆ. ಗ್ಯಾಸಿನವನನ್ನು ಯಾರಾದರೂ ‘ಊಟ ಆಯ್ತಾ ಮಗಳೇ’ ಅಂತ ವಿಚಾರಿಸುತ್ತಾರಾ? ನೆಟ್ಟಗೆ ಒಂದು ಸುಳ್ಳು ಹೇಳಲೂ ಬರದ ಮನುಷ್ಯ. ನನ್ನ ಶುಗರ್ ಏರುತ್ತದೆ, ಇಳಿಯುತ್ತದೆ, ಅದರ ಪಾಡಿಗೆ ಅದು ಇದೆ.

ದೀಪಾವಳಿಯಿಂದ ಈಚೆಗೆ ನೀನು ನನ್ನ ಹತ್ತಿರ ಮಾತಾಡಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಕಾಗದ. ಆ ಕೇಸಿನಲ್ಲಿ ನಾನು ಸಾಕ್ಷಿ ಹೇಳಿದ ವಿಷಯ ನಿನ್ನ ಕಿವಿಗೆ ಬಿದ್ದದ್ದು ಬೇರೆಯವರ ಬಾಯಿಂದ. ಒಂದು ಸಲ ನನ್ನ ಬಾಯಿಂದಲೂ ಕೇಳು, ಆಮೇಲೆ ಬೇಕಾದಷ್ಟು ಸಿಟ್ಟು ಮಾಡಿಕೋ.

ಅರಕಲಗೂಡಿನ ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಶುರುವಾಗಿ, ಚನ್ನರಾಯಪಟ್ಟಣ, ಹಾಸನ ಅಂತ ನನ್ನ ಸರ್ವೀಸೆಲ್ಲ ಹುಣ್ಣು ತೊಳೆದು ಪಟ್ಟಿ ಕಟ್ಟುವುದರಲ್ಲೇ ಕಳೆಯಿತು. ನೀನು ಚಿಕ್ಕವಳಿದ್ದಾಗ ನಾನು ತುತ್ತು ಕೊಡಲು ಬಂದರೆ ‘ಕೈ ಆಸ್ಪತ್ರೆ ವಾಸನೆ’ ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಕೊನೆಗೆ ನರ್ಸ್ ಆಗಿ ಅದೇ ವಾಸನೆಗೆ ನೀನೂ ಬಂದೆ. ನಾನು ರಿಟೈರ್ ಆದ ಮೇಲೆ ವಕೀಲರು ಗಾಯಗಳ ಫೋಟೋ ಹಿಡಿದು ಮನೆಗೆ ಬರತೊಡಗಿದರು. ಈ ಹುಣ್ಣು ಆಸ್ಪತ್ರೆಯಲ್ಲಿ ಆದದ್ದಾ ಮನೆಯಲ್ಲಿ ಆದದ್ದಾ, ರೋಗಿಯನ್ನು ಆಗಾಗ ಮಗ್ಗುಲು ಬದಲಾಯಿಸಿ ಮಲಗಿಸಿದ್ದರೆ ತಪ್ಪುತ್ತಿತ್ತಾ, ಬಂದು ಸಾಕ್ಷಿ ಹೇಳಿ ಅನ್ನುತ್ತಿದ್ದರು. ಸುಳ್ಳೇಕೆ ಮಾನು, ಅದು ನನಗೆ ಬಹಳ ಹಿಡಿಸಿತ್ತು. ಜೀವಮಾನವಿಡೀ ಡಾಕ್ಟರ ಹಿಂದೆ ಟ್ರೇ ಹಿಡಿದು ನಿಂತವಳ ಮಾತನ್ನು ಅಲ್ಲಿ ಬರೆದುಕೊಳ್ಳುತ್ತಿದ್ದರು.

ಬೈರಯ್ಯನ ಕೇಸೂ ಹಾಗೇ ಬಂತು. ಹಳ್ಳಿಮೈಸೂರು ಕಡೆಯವರು, ಸಂತೆಯಿಂದ ಸಂತೆಗೆ ನಡೆದು ಕುರಿ ವ್ಯಾಪಾರ ಮಾಡುತ್ತಿದ್ದವರು. ಸಕ್ಕರೆ ಕಾಯಿಲೆ, ಅಂಗಾಲಲ್ಲಿ ಹುಣ್ಣು. ಹೊಳೆನರಸೀಪುರದ ಆ ನರ್ಸಿಂಗ್ ಹೋಮಿನಲ್ಲಿ ಡ್ರೆಸ್ಸಿಂಗ್ ಮಾಡಿಸಿಕೊಂಡು ಊರಿಗೆ ಹೋಗಿದ್ದರು. ಕೆಲವು ದಿನದ ಮೇಲೆ ಅವರ ಹೆಂಡತಿ ಪುಟ್ಟತಾಯಮ್ಮ ಅಲ್ಲಿಗೆ ಫೋನ್ ಮಾಡಿ ‘ಹುಣ್ಣು ಮಾಗ್ಬುಟ್ಟೈತೆ ಕಣವ್ವ’ ಅಂದರು. ಫೋನ್ ತೆಗೆದ ನರ್ಸ್ ‘ಒಳ್ಳೆಯದಾಯ್ತು ಬಿಡಿ ಅಜ್ಜಿ, ಮುಂದಿನ ತಿಂಗಳು ಬಂದರೆ ಸಾಕು’ ಅಂದಳು. ಅವರು ಬರುವಷ್ಟರಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ನೀನು ಓದು ಮುಗಿಸಿ ಮೊದಲು ಸೇರಿದ್ದು ಅಲ್ಲಿಗೇ. ಅದನ್ನು ಬೈರಯ್ಯನ ವಕೀಲರಿಗೆ ಮೊದಲೇ ಹೇಳಿದ್ದೆ. ಫೋನ್ ತೆಗೆದವಳ ಹೆಸರು ಅವರು ತಂದ ಕಾಗದಗಳಲ್ಲಿ ಎಲ್ಲೂ ಇರಲಿಲ್ಲ. ಎಷ್ಟೋ ಹುಡುಗಿಯರು ಬಂದು ಹೋಗುವ ಜಾಗ, ಯಾರೋ ಒಬ್ಬಳು ಅಂದುಕೊಂಡೆ. ನಾನು ಸಾಕ್ಷಿಗೆ ಹೊರಟ ಬೆಳಿಗ್ಗೆ ನೀನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ, ‘ಈ ಕೇಸಿಗೆ ಹೋಗಬೇಡಮ್ಮಾ’ ಅಂದೆ. ಅನ್ನ ಕೊಟ್ಟ ಜಾಗದ ಮೇಲೆ ಅಭಿಮಾನ ಇರಬೇಕು ಅಂತ ನಾನೇ ತಿಳಿದುಕೊಂಡು, ಸೀರೆ ನೆರಿಗೆ ಸರಿ ಮಾಡಿಕೊಂಡು ಹೊರಟುಬಿಟ್ಟೆ.

ನರ್ಸಿಂಗ್ ಹೋಮಿನ ವಕೀಲರು ನಿಘಂಟು ತಂದಿದ್ದರು. ಗಾಯ ಮಾಗುವುದು ಅಂದರೆ ವಾಸಿಯಾಗುವುದು, ಹೌದೋ ಅಲ್ಲವೋ ಅಂತ ಕೇಳಿದರು. ಪುಸ್ತಕದಲ್ಲಿ ಹೌದು. ಆದರೆ ನಿನ್ನಜ್ಜಿಯ ಊರೂ ಅದೇ ಕಡೆಯದಲ್ಲವಾ? ಅಲ್ಲಿಯ ಹಳಬರು ಗಾಯ ವಾಸಿಯಾದರೆ ‘ಮಾಯ್ತು’ ಅನ್ನುತ್ತಾರೆ. ಅವರ ಬಾಯಲ್ಲಿ ಮಾಗುವುದು ಮಾವಿನಹಣ್ಣು, ಇಲ್ಲವೇ ಕೀವು ತುಂಬಿ ಮೆತ್ತಗಾದ ಕುರು. ‘ಅದು ನಿಘಂಟಿನ ಮಾತು ಸಾರ್, ಪುಟ್ಟತಾಯಮ್ಮನ ಮಾತಲ್ಲ’ ಅಂತ ನಾನು ಅಂದಾಗ ಹಿಂದೆ ಯಾರೋ ನಕ್ಕರು. ನನಗೂ ಒಳಗೊಳಗೇ ಹಿಗ್ಗು. ಆ ಹಿಗ್ಗಿನಲ್ಲಿ ಇನ್ನೂ ಮುಂದಕ್ಕೆ ಹೋದೆ. ಫೋನಿನಲ್ಲಿ ಹುಣ್ಣು ಕಾಣುವುದಿಲ್ಲ, ಒಣಗಿದೆಯಾ ಒಸರುತ್ತಿದೆಯಾ ಅಂತ ಒಂದು ಮಾತು ಕೇಳಬೇಕಿತ್ತು, ಕೇಳದೆ ಹೋದದ್ದು ನಿರ್ಲಕ್ಷ್ಯ ಅಂದೆ. ಆಗ ಅವರು ನಿಘಂಟು ಮುಚ್ಚಿಟ್ಟು, ಬಹಳ ಮೆಲ್ಲಗೆ, ‘ಆ ಫೋನ್ ತೆಗೆದದ್ದು ನಿಮ್ಮ ಮಗಳು ಮಾನಸಾ. ಈಗಲೂ ಅದೇ ಮಾತಾ ಪ್ರೇಮಕುಮಾರಿಯವರೇ?’ ಅಂದರು.

ಕಟಕಟೆ ಹಿಡಿದುಕೊಂಡೆ. ಒಗ್ಗರಣೆ ಹಾಕುತ್ತಿದ್ದ ನಿನ್ನ ಬೆನ್ನು ಕಣ್ಣ ಮುಂದೆ ಬಂತು. ‘ಅದೇ ಮಾತು’ ಅಂದೆ.

ಹೊರಗೆ ಬೆಂಚಿನ ಮೇಲೆ ಪುಟ್ಟತಾಯಮ್ಮ ಕೂತಿದ್ದರು. ಬಯ್ಯುತ್ತಾರೆ ಅಂದುಕೊಂಡರೆ ನನ್ನ ಕೈ ಹಿಡಿದುಕೊಂಡು, ‘ಆ ಮಗ ನಿಮ್ದೇ ಅಂತಲ್ಲವ್ವಾ. ಫೋನ್‌ನಾಗೆ ಏಟು ಚೆಂದಾಗಿ ಅಜ್ಜೀ ಅಂತು. ಒಳ್ಳೇದಾಯ್ತು ಅಂದಾಗ ನಾನೂ ಅಂಗೇ ಅಂದ್ಕಂಡೆ, ಮಾಗಿದ್‌ಮ್ಯಾಲೆ ಕೀವು ಒಡ್ದು ಓಯ್ತದೆ, ಒಳ್ಳೇದೇಯಾ ಅಂತ. ಇಬ್ರೂ ಕುಸಿಯಾಗೇ ಫೋನ್ ಮಡಗಿದ್ವಿ ಕಣವ್ವ’ ಅಂದರು. ನನಗೆ ತಡೆಯಲಾಗಲಿಲ್ಲ, ಅಷ್ಟು ಜನರ ಎದುರಿಗೇ ಅತ್ತುಬಿಟ್ಟೆ. ನೀನು ಕೇಳಿಸಿಕೊಂಡದ್ದು ತಪ್ಪು ಕನ್ನಡವಲ್ಲ ಮಾನು. ಅವರು ಹೇಳಿದ್ದೂ ತಪ್ಪು ಕನ್ನಡವಲ್ಲ. ನಡುವೆ ಹೋದದ್ದು ಮಾತ್ರ ಒಬ್ಬ ಮನುಷ್ಯನ ಕಾಲು.

ನಾನು ಮನೆ ಮುಟ್ಟುವ ಮೊದಲೇ ಯಾರೋ ನಿನಗೆ ಸುದ್ದಿ ಮುಟ್ಟಿಸಿದ್ದರು. ನೀನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ‘ಯಾಕೆ ಬೇಡ ಅಂತ ಒಂದು ಮಾತು ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲಮ್ಮಾ’ ಅಂದೆ. ಅದೇ ನೀನು ನನ್ನ ಹತ್ತಿರ ಆಡಿದ ಕೊನೆಯ ಮಾತು. ಬೈರಯ್ಯ ಕಾಲು ಕಳೆದುಕೊಂಡದ್ದು ನಿಜ, ಹಾಗಾಗಿ ಸಾಕ್ಷಿ ನುಡಿದದ್ದನ್ನು ಇವತ್ತೂ ವಾಪಸ್ ತೆಗೆದುಕೊಳ್ಳಲಾರೆ. ಕೊರೆಯುವುದು ಬೇರೆ. ಕೇಳಬೇಕಿತ್ತು, ಕೇಳಬೇಕಿತ್ತು ಅಂತ ಊರಿಗೆಲ್ಲ ಹೇಳಲು ಹೋದವಳು, ಅಡುಗೆಮನೆಯಲ್ಲಿ ನಿಂತಿದ್ದ ಮಗಳನ್ನು ಯಾಕೆ ಅಂತ ಕೇಳಲಿಲ್ಲ. ಅಷ್ಟು ದಿನ ಅದನ್ನು ಒಬ್ಬಳೇ ಹೊಟ್ಟೆಯಲ್ಲಿ ಹೇಗೆ ಇಟ್ಟುಕೊಂಡಿದ್ದೆಯೋ ಕಂದಾ. ಕೇಸಿನ ತೀರ್ಪು ಇನ್ನೂ ಬಂದಿಲ್ಲ. ಈಗ ವಕೀಲರು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸುತ್ತೇನೆ, ಫೋಟೋ ಕೈಗೆ ತೆಗೆದುಕೊಳ್ಳುವುದಿಲ್ಲ.

ಹುರಿಹಿಟ್ಟಿಗೆ ಬೆಲ್ಲ, ಬಿಸಿ ಹಾಲು ಹಾಕಿ ಕಲಸಿಕೋ, ಗಂಟಾಗದ ಹಾಗೆ. ನಿನ್ನ ಕೈ ಸೋಕಿದ ಗಾಯಗಳೆಲ್ಲ ಬೇಗ ಮಾಯಲಿ, ನೀನು ತಣ್ಣಗಿರು.

ನಿನ್ನ ದಾರಿ ನೋಡುವ
ಅಮ್ಮ

ವಿ.ಸೂ.: ಅಪ್ಪ ಬಸ್ಸಿಗೆ ಹಾಕಲು ಪಾರ್ಸೆಲ್ ಹಿಡಿದು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಸಂಕ್ರಾಂತಿಯಲ್ಲಿ ಹೊಸ ಚಪ್ಪಲಿ ಕಚ್ಚಿ ನನ್ನ ಬಲಗಾಲಿನ ಹೆಬ್ಬೆರಳ ಪಕ್ಕ ಒಂದು ಗಾಯವಾಗಿತ್ತು. ಅವರಿಗೆ ಹೇಳಿಲ್ಲ. ಈಗ ಮಾಗಿದೆ. ಯಾವ ಮಾಗು ಅಂತ ಫೋನ್ ಮಾಡಿ ಒಂದು ಮಾತು ಕೇಳು ಮಗಳೇ.