ಅಕ್ಕನ ಮನೆ ದಾರಿಯ ತಡಮೆ

ಸ್ವೇಲ್‌ಡೇಲ್, ಯಾರ್ಕ್‌ಶೈರ್
14 ಅಕ್ಟೋಬರ್ 2019

ಪ್ರೀತಿಯ ನೆಸ್ಟಾ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ತಡವಾದದ್ದಕ್ಕೆ ಬೈದುಕೋ, ಆದರೆ ಈ ಸಲ ಸೋಮಾರಿತನವಲ್ಲ, ಗೋಡೆ ಕಟ್ಟುತ್ತಿದ್ದೆ. ನಗಬೇಡ, ನಿಜ.

ಸೊಂಟದ ಆಪರೇಷನ್ ಆದಮೇಲೆ ಹೆಸ್ಟರಕ್ಕನ ಮನೆಗೆ ಹೋಗುವುದು ನಿಂತೇ ಹೋಗಿತ್ತು. ಹೊಲದ ಕಾಲುದಾರಿಯಲ್ಲಿ ಹೋದರೆ ಅವಳ ಮನೆ ಕೂಗಳತೆ. ಆದರೆ ನಡುವೆ ಕಲ್ಲಿನ ಗೋಡೆ. ಅದನ್ನು ಹತ್ತಿಳಿಯುವ ತಡಮೆಯ ಮೆಟ್ಟಿಲು ಕುಸಿದು, ಗೋಡೆಯೂ ಹೊಟ್ಟೆ ಬಿಟ್ಟುಕೊಂಡು ಬಿದ್ದಿತ್ತು. ಸುತ್ತಿ ಹೋಗಲು ಬಸ್ಸಿಲ್ಲ. ಕಾರಿನಲ್ಲಿ ಹೋದರೆ ಆ ರಸ್ತೆಯ ಕುಲುಕಾಟ ಸೊಂಟಕ್ಕೆ ಬೇಡವೆಂದು ಡಾಕ್ಟರು. ಫೋನಿನಲ್ಲಿ ಅವಳಿಗೆ ಏನೂ ಕೇಳಿಸದು.

ಕಳೆದ ತಿಂಗಳು ಕಾಲುದಾರಿ ರಿಪೇರಿಯ ಸ್ವಯಂಸೇವಕರು ಬಂದರು. ಮುಂದಾಳು ಡೊರೀನ್, ಮಾಂಸದಂಗಡಿ ನಡೆಸಿ ನಿವೃತ್ತಳಾದವಳು. ಹೊಲದ ಒಡೆಯ ವಿಲ್ಫ್ ಪೀಕಾಕ್ ಬಂದು ಗುರುಗುಟ್ಟಿದ.

“ಈ ಗೋಡೆ ಇರೋದು ಕುರಿ ತಡೆಯೋಕೆ ಕಣಮ್ಮ, ನಿಮ್ಮ ಪಿಕ್ನಿಕ್ಕಿಗಲ್ಲ.”

“ಹಂಗಾದ್ರೆ ನಿನ್ನ ಕುರಿಗಳೇ ಬಂದು ಕಟ್ಲಿ,” ಎಂದು ಡೊರೀನ್ ನನ್ನತ್ತ ಕೈತೋರಿದಳು. “ಮಾರ್ಜರಿಗೆ ಅಕ್ಕನ ಮನೆಗೆ ಹೋಗ್ಬೇಕು, ಮೆಟ್ಟಿಲು ಹತ್ತೋಕಾಗಲ್ಲ. ಇಲ್ಲೊಂದು ಚಿಕ್ಕ ಗೇಟ್ ಇಡೋಕೆ ಬಿಡ್ತೀಯೋ ಇಲ್ವೋ?”

ವಿಲ್ಫ್ ನನ್ನ ಊರುಗೋಲು ನೋಡಿ, ತಿರುಗಿ ಹೊರಟುಹೋದ. ಕೆಲಸ ಕೆಟ್ಟಿತು ಅಂದುಕೊಂಡೆವು. ಆಮೇಲೆ ನೋಡಿದರೆ ಟ್ರ್ಯಾಕ್ಟರ್ ತುಂಬ ಕಲ್ಲು ತಂದು ಸುರಿದ.

“ಗೇಟ್ ತಾನಾಗೇ ಮುಚ್ಕೋಬೇಕು. ಒಂದು ಕುರಿ ತಪ್ಪಿಸ್ಕೊಂಡ್ರೂ ಮಾರ್ಜರಿನೇ ಓಡಿ ಹಿಡೀಬೇಕು.”

ಮಳೆ ಬಿಟ್ಟಾಗಲೆಲ್ಲ ಕೆಲಸ. ಗಾರೆಯಿಲ್ಲದ ಗೋಡೆಯಾದ್ದರಿಂದ ಒಳಗೆ ಚೂರುಗಲ್ಲು ಬಿಗಿಯಾಗಿ ತುಂಬಬೇಕು. ಮಡಚುವ ಕುರ್ಚಿಯಲ್ಲಿ ಕೂತು ನಾನು ಅದನ್ನೇ ಮಾಡಿದೆ. ಸಡಿಲವಾಗಿದೆ ಎಂದು ಡೊರೀನ್ ನನ್ನಿಂದಲೇ ಕಿತ್ತು ಹಾಕಿಸಿದಳು. ಬೆರಳೆಲ್ಲ ತರಚಿದವು. ಇಷ್ಟು ಖುಷಿಯಾಗಿ ಇದ್ದು ಬಹಳ ಕಾಲವಾಗಿತ್ತು ನೆಸ್ಟಾ.

ನಿನ್ನೆ ಗೇಟು ದಾಟಿದೆ. ಎಲ್ಲರೂ ಗೋಡೆಗೊರಗಿ ನೋಡುತ್ತಿದ್ದರು. ವಿಲ್ಫ್ ಟೋಪಿ ತೆಗೆದ. ಹೆಸ್ಟರ್ ಚಹಾ ಮಾಡಿದಳು, ಶುಂಠಿ ಕೇಕು ಕೊಟ್ಟಳು. ಸಂಜೆಯವರೆಗೂ ಕೂತಿದ್ದೆ. ಯಾರದೋ ಹೊಲದಲ್ಲಿ ಯಾರಿಗೋಸ್ಕರವೋ ಕಲ್ಲು ಹೊತ್ತ ಆ ಜನರನ್ನು ನೆನೆದರೆ ಕಣ್ಣು ತುಂಬುತ್ತದೆ. ದೇವರು ಅವರನ್ನು ತಣ್ಣಗಿಟ್ಟಿರಲಿ. ನಿನ್ನನ್ನೂ, ನಿನ್ನ ಮೊಮ್ಮಕ್ಕಳನ್ನೂ.

ನಿನ್ನ
ಮಾರ್ಜರಿ

ಮತ್ತೆ: ಹೆಸ್ಟರ್ ನನ್ನ ಗುರುತು ಹಿಡಿಯಲಿಲ್ಲ. ಮರೆವು ಹೆಚ್ಚಾಗಿದೆ ಎಂದು ಅವಳನ್ನು ನೋಡಿಕೊಳ್ಳುವ ಹೆಂಗಸು ಹೇಳಿದ್ದಳು; ಇಷ್ಟೆಂದು ತಿಳಿದಿರಲಿಲ್ಲ. ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು. “ನಮ್ಮ ತಂಗಿ ಈ ದಾರೀಲೇ ಬರ್ತಿದ್ಲು. ಗೋಡೆ ಬಿದ್ಮೇಲೆ ಪಾಪ, ಬರೋಕಾಗ್ಲಿಲ್ಲ. ಎಲ್ಲಾದ್ರೂ ಸಿಕ್ರೆ ದಾರಿ ಸರಿಹೋಗಿದೆ ಅಂತ ಹೇಳ್ತೀರಾ?” ಎಂದಳು. ಹೇಳ್ತೀನಿ ಎಂದೆ. ನಾಳೆ ಮತ್ತೆ ಹೋಗುತ್ತೇನೆ.